ಐದನೇ ಗೇರಿನ ಲೆಕ್ಕ

ಸಂಜೆ ಗಾಡಿ ನಿಲ್ಲಿಸಿ ಇನ್ನೂ ಬಾಗಿಲು ಹಾಕಿರುವುದಿಲ್ಲ, ಕಟ್ಟೆಯ ಮೇಲಿಂದ ನಮ್ಮ ಕಾಕಾನ ಪ್ರಶ್ನೆ ಬಂದೇಬಿಡುತ್ತದೆ: "ಇವತ್ತರೆ ಐದು ಹಾಕಿದಿ ಏನು?"

ನಿನ್ನೆಯೂ ಬಂತು. ನಿನ್ನೆ ನಾನು ಹೋಗಿದ್ದು ನಮ್ಮ ಕಲಬುರಗಿಯ ಜಗತ್ ಸರ್ಕಲ್ ದಾಟಿ ಸೂಪರ್ ಮಾರ್ಕೆಟ್‌ಗೆ, ಅದೂ ಸಂಜೆ ಆರರ ಹೊತ್ತಿಗೆ. ಎಡಕ್ಕೆ ಹಣ್ಣಿನ ಬಂಡಿ, ಬಲಕ್ಕೆ ಟಂಟಂ ಆಟೊ, ಎದುರಿಗೆ ರಾಂಗ್ ಸೈಡಿನಲ್ಲಿ ಒಂದೇ ಬೈಕಿನ ಮೇಲೆ ಮೂವರು, ನಡುವೆ ಯಾರ ಹಾರ್ನಿಗೂ ಕಿವಿಗೊಡದ ಒಂದು ಎಮ್ಮೆ. ಒಂದರಿಂದ ಎರಡಕ್ಕೆ ಹೋಗಿ ಮತ್ತೆ ಒಂದಕ್ಕೆ ಬರುವುದರಲ್ಲೇ ಎಡಗಾಲಿನ ಮೀನಖಂಡ ಹಿಡಿದುಕೊಂಡಿತ್ತು. ಆ ರಸ್ತೆಯಲ್ಲಿ ಐದನೇ ಗೇರ್ ಹಾಕುವವನು ಒಂದೋ ಕನಸಿನಲ್ಲಿ ಗಾಡಿ ಓಡಿಸುತ್ತಿರಬೇಕು, ಇಲ್ಲವೇ ಮರುದಿನ ಪೇಪರಿನಲ್ಲಿ ಬರಬೇಕು. ಇದನ್ನೆಲ್ಲ ಕಾಕಾಗೆ ವಿವರಿಸಿದೆ. ಅವರು ಎಲೆ-ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ, "ಅಂದ್ರ ಇವತ್ತೂ ಇಲ್ಲ" ಅಂದರು. ಖಾತೆಯಲ್ಲಿ ಬರೆದುಕೊಂಡ ದನಿ.

ಖಾತೆಯ ಮಾತು ಸುಮ್ಮನೆ ಹೇಳಿದ್ದಲ್ಲ. ಕಾಕಾ ಗಂಜ್ ಮಾರುಕಟ್ಟೆಯ ದಾಲ್ ಮಿಲ್ ಒಂದರಲ್ಲಿ ಆಯುಷ್ಯವೆಲ್ಲ ಲೆಕ್ಕ ಬರೆದವರು. ತೊಗರಿ ಎಷ್ಟು ಒಳಗೆ ಹೋಯಿತು, ಬೇಳೆ ಎಷ್ಟು ಹೊರಗೆ ಬಂತು, ನುಚ್ಚೆಷ್ಟು, ಹೊಟ್ಟೆಷ್ಟು, ಇಲಿ ತಿಂದದ್ದೆಷ್ಟು ಎಂಬುದರವರೆಗೆ ಹಿಡಿದವರು. ಕಾರು ಓಡಿಸಿದವರಲ್ಲ. ಓಡಿಸಿದ್ದು ಬಜಾಜ್ ಚೇತಕ್. ಅದಕ್ಕೂ ನಾಲ್ಕೇ ಗೇರು. ಹೀಗಾಗಿ ಮನೆತನದಲ್ಲಿ ಮೊದಲ ಬಾರಿಗೆ ಬಂದ ಐದನೇ ಗೇರು ಅವರ ಪ್ರಕಾರ ದುಡ್ಡು ಕೊಟ್ಟು ತಂದು ಗೋದಾಮಿನಲ್ಲಿ ಕೊಳೆಹಾಕಿದ ಮಾಲು. "ರೊಕ್ಕ ಐದಕ್ಕ ಕೊಟ್ಟೀವಿ. ನೀ ನೋಡಿದ್ರ ಮೂರರಾಗೇ ತಿರಗ್ಲಕತ್ತಿ. ಉಳದಿದ್ದೆರಡು ಸುಮ್ನ ಬಿದ್ದಾವ" ಎನ್ನುತ್ತಾರೆ. ಬಳಸದಿದ್ದರೆ ಗೇರಿಗೆ ನುಸಿ ಹಿಡಿಯುತ್ತದೆಂದು ಅವರಿಗೆ ಒಳಗೊಳಗೇ ಅನುಮಾನವೂ ಇದ್ದಂತಿದೆ.

ಗಾಡಿ ಅಪ್ಪ ಕೊಂಡದ್ದು. 1998ರ ಮಾರುತಿ 800, ಕೆಎ-32. 1983ರಲ್ಲಿ 800 ರಸ್ತೆಗೆ ಬಂದಾಗ ಅದಕ್ಕೆ ನಾಲ್ಕು ಗೇರು. 2014ರಲ್ಲಿ ಕಟ್ಟುವುದು ನಿಲ್ಲಿಸಿದಾಗಲೂ ನಾಲ್ಕೇ. ನಡುವೆ 2000ರ ಆಸುಪಾಸಿನಲ್ಲಿ ಐದು ಗೇರಿನದೂ ಒಂದು ಬಂದು, ನಾಲ್ಕು ದಿನ ಮೆರೆದು ಹೋಯಿತು. ಎಲ್ಲ ತಾಪತ್ರಯಕ್ಕೂ ಮೂಲ ಅದೇ. ತಂಗಿಯ ಮನೆ ಬೀದರಿನಲ್ಲಿ. ಹುಮನಾಬಾದ್ ರಸ್ತೆಯಲ್ಲಿ ಎಪ್ಪತ್ತು ದಾಟಿತೆಂದರೆ ನಾಲ್ಕನೇ ಗೇರಿನಲ್ಲಿ ಎಂಜಿನ್ ಮಾಡುವ ಆಕ್ರಂದನಕ್ಕೆ ಒಳಗೆ ಕೂತವರು ಕೈಸನ್ನೆಯಲ್ಲೇ ಮಾತಾಡಬೇಕು. ಐದನೇ ಗೇರು ಗಾಡಿಗೆ ಶಕ್ತಿ ಕೊಡುವುದಿಲ್ಲ, ಅದೇ ವೇಗದಲ್ಲಿ ಎಂಜಿನ್ ಕಡಿಮೆ ಸುತ್ತುವಂತೆ ಮಾಡುತ್ತದೆ, ಅಷ್ಟೆ. ಈ "ಅಷ್ಟೆ" ಎಂಬುದು ಕಾಕಾಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಗೇರು ಹೆಚ್ಚಾದರೆ ತಾಕತ್ತು ಹೆಚ್ಚಾಗಬೇಕು. ಇಲ್ಲದಿದ್ದರೆ ಮತ್ತೆ ರೊಕ್ಕ ಯಾತಕ್ಕೆ?

ಹೀಗಾಗಿ ನಮ್ಮ ಗಾಡಿಗೂ ಐದು ಗೇರಿನ ಡಬ್ಬಾ, ಅಂದರೆ ಗೇರ್‌ಬಾಕ್ಸ್, ಹಾಕಿಸುವುದೆಂದಾಯಿತು. ನಮ್ಮೂರಿನ ಹುಮನಾಬಾದ್ ಬೇಸ್ ಹತ್ತಿರ ಬೇವಿನ ಮರದ ಕೆಳಗೆ ನಮ್ಮ ಮಿಸ್ತ್ರಿಯ ಗ್ಯಾರೇಜು. ಆತನ ಸಿದ್ಧಾಂತ ಒಂದೇ: "ಎಲ್ಲಾ ಸೇಮ್ ಟು ಸೇಮ್ ರೀ ಸರ. ಬಿಲ್ಕುಲ್ ಫಿಕರ್ ಮಾಡಬ್ಯಾಡ್ರಿ." 800, ಹಳೆಯ ಆಲ್ಟೊ ಎರಡರದೂ 796 ಸಿಸಿ, ಮೂರು ಸಿಲಿಂಡರು. ಜೆನ್ 993 ಸಿಸಿ, ನಾಲ್ಕು ಸಿಲಿಂಡರು, ಆದರೆ ಅದೂ ಅದೇ ವಂಶದ ಕುಡಿ. ಹಾಗಂತ ಬಳಗದೊಳಗಿನ ಹುಡುಗಿಯೇ ಆದರೂ ಕುಂಡಲಿ ಕೂಡಬೇಕಲ್ಲ! ಡಬ್ಬಾದ ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿನ ಹಲ್ಲಿಗೆ ಕೂಡಬೇಕು, ಆಕ್ಸಲ್ಲಿನ ಹಲ್ಲು ಒಳಗೆ ಹೋಗಿ ಕೂರಬೇಕು, ಎಂಜಿನ್ನಿಗೆ ಬಡಿಯುವ ಬೋಲ್ಟಿನ ತೂತುಗಳು ಎದುರುಬದುರಾಗಬೇಕು, ಮೌಂಟಿಂಗ್ ಪಟ್ಟಿ ಜಾಗಕ್ಕೆ ಬರಬೇಕು. ಸೇಮ್ ಟು ಸೇಮ್ ಎಂದ ಮಿಸ್ತ್ರಿಯೇ ಇವನ್ನೆಲ್ಲ ಹೇಳುವಾಗ ಬೆರಳು ಮಡಚಿ ಎಣಿಸತೊಡಗಿದ; ಒಂದು ಕೈ ಸಾಲಲಿಲ್ಲ.

ಕಾಕಾ ಆಗಲೇ ಕೆಲಸಕ್ಕೆ ಇಳಿದಿದ್ದರು. ಗುಜರಿಯವನೊಬ್ಬನನ್ನು ಹಿಡಿದು ಅಗ್ಗದಲ್ಲಿ ಒಂದು ಗೇರ್ ಡಬ್ಬಾ ಮಾತಾಡಿಕೊಂಡು ಬಂದರು. ಓಮ್ನಿಯದು. "ಎಂಜಿನ್ ಅದಾ, ಕಂಪನಿ ಅದಾ, ಮತ್ತೇನ್ ಬೇಕು?" ಎಂಜಿನ್ ಅದೇ ನಿಜ. ಆದರೆ ಓಮ್ನಿಯಲ್ಲಿ ಅದು ಮುಂದಿನ ಸೀಟಿನ ಕೆಳಗೆ ಉದ್ದಕ್ಕೆ ಮಲಗಿದೆ, ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಹಾಕಿಕೊಂಡು ಹಿಂದಿನ ಗಾಲಿ ತಿರುಗಿಸುತ್ತದೆ. 800ರಲ್ಲಿ ಅಡ್ಡಕ್ಕೆ ಕೂತು ಮುಂದಿನ ಗಾಲಿ ಎಳೆಯುತ್ತದೆ. ಸಾಲದ್ದಕ್ಕೆ ಓಮ್ನಿಗೂ ನಾಲ್ಕೇ ಗೇರು. ಮಿಸ್ತ್ರಿ ತಾಳ್ಮೆಯಿಂದ ನೆಲದ ಮೇಲೆ ಗ್ರೀಸಿನಲ್ಲಿ ಚಿತ್ರ ಬರೆದು ತೋರಿಸಿದ. ಕಾಕಾ ಚಿತ್ರವನ್ನು ಎರಡೂ ಕಡೆಯಿಂದ ನೋಡಿ, "ಅಡ್ಡ ಕೂಡಿಸ್ರಲ್ಲ ಮತ್ತ" ಅಂದರು. "ಕೂಡಿಸಬಹುದ್ರೀ ಕಾಕಾರ, ಗಾಡಿನೂ ಅಡ್ಡ ಹೋಗ್ತದ" ಎಂದ ಮಿಸ್ತ್ರಿ.

ಕೊನೆಗೆ ಡಬ್ಬಾ ಸಿಕ್ಕಿದ್ದು ಸೋಲಾಪುರದ ಗುಜರಿಯಲ್ಲಿ. ಜೋಳದ ಚೀಲದಲ್ಲಿ ಸುತ್ತಿ ರೈಲಿನ ಸೀಟಿನ ಕೆಳಗೆ ಇಟ್ಟುಕೊಂಡು ತಂದೆವು. ಹಳೆಯ ಗೇರ್ ಆಯಿಲ್‌ನ ವಾಸನೆ ಗೊತ್ತಿದ್ದವರಿಗೇ ಗೊತ್ತು; ಅದರಲ್ಲಿ ಗಂಧಕದ ಅಂಶ ಇರುತ್ತದೆ, ಮೂಗಿಗೆ ಅದು ಕೊಳೆತ ಮೊಟ್ಟೆ. ಅಕ್ಕಲಕೋಟ ರೋಡ್ ಸ್ಟೇಷನ್ ದಾಟಿದ ಮೇಲೆ ಎದುರಿನ ಸೀಟಿನ ಅಜ್ಜಿ ಕಡಕ್ ರೊಟ್ಟಿಯ ಗಂಟು ಬಿಚ್ಚಿದವರು, ಒಮ್ಮೆ ಮೂಗೇರಿಸಿ, ಕಾಕಾನ ಮುಖವನ್ನೇ ನೋಡುತ್ತ ನಿಧಾನಕ್ಕೆ ಗಂಟು ಕಟ್ಟಿಬಿಟ್ಟರು. ಕಾಕಾ ಎಷ್ಟು ಸಂಕೋಚಪಟ್ಟರೆಂದರೆ ಗಾಣಗಾಪುರ ರೋಡ್ ಬರುವವರೆಗೂ ಕಿಟಕಿಯಿಂದ ತಲೆ ಒಳಗೆ ತರಲಿಲ್ಲ.

ಆ ಡಬ್ಬಾ ಯಾವ ಗಾಡಿಯದು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಮಾರಿದವನು ಐದು ಗೇರಿನ 800ರದು ಅಂದ. ಮಿಸ್ತ್ರಿ ಆಲ್ಟೊದ್ದು ಅಂದ. ಆತನ ಹುಡುಗ, ಹದಿನೆಂಟು ತುಂಬದವನು, ಸ್ಪ್ಯಾನರಿನಿಂದ ಒಮ್ಮೆ ಕುಟ್ಟಿ ಸದ್ದು ಕೇಳಿ ಜೆನ್ನಿನದು ಎಂದು ತೀರ್ಪು ಕೊಟ್ಟ. ಯಾರದಾದರೇನು, ಬೆಸುಗೆ ಹಾಕಿಸಿ ಪಟ್ಟಿ ಜರುಗಿಸಿ, ಗೇರ್ ರಾಡಿನ ಬುಷ್ ಬದಲಿಸಿ, ಎರಡು ವಾಷರ್ ಹೆಚ್ಚಿಗೆ ಕೊಟ್ಟು ಕೂಡಿಸಿದರು. ಕೂತಿತು. ಹಾಗೆ ಕೂತ ಮೇಲೆ ಸ್ಪೀಡೋಮೀಟರ್ ಸುಳ್ಳು ಹೇಳಲು ಶುರುಮಾಡಿತು. ಅದರ ಕೇಬಲ್ಲನ್ನು ತಿರುಗಿಸುವ ಪುಟ್ಟ ಹಲ್ಲುಗಾಲಿ ಡಬ್ಬಾದೊಳಗೆ ಇರುವುದರಿಂದ, ಡಬ್ಬಾದ ಹಲ್ಲಿನ ಲೆಕ್ಕಕ್ಕೂ ಮೀಟರಿನ ಲೆಕ್ಕಕ್ಕೂ ತಾಳೆಯಾಗದಿದ್ದರೆ ಮುಳ್ಳು ತನಗೆ ತೋಚಿದ್ದು ತೋರಿಸುತ್ತದೆ. ನಮ್ಮದು ಹೆಚ್ಚಿಗೆ ತೋರಿಸುತ್ತದೆ. ಲೆಕ್ಕದಲ್ಲಿ ಇಷ್ಟು ಕಟ್ಟುನಿಟ್ಟಿನ ಕಾಕಾ ಇದೊಂದು ತಪ್ಪು ಲೆಕ್ಕವನ್ನು ಮಾತ್ರ ಪ್ರೀತಿಯಿಂದ ಒಪ್ಪಿಕೊಂಡಿದ್ದಾರೆ. "ಎಂಬತ್ತು ಹೊಂಟದ ನೋಡು!" ಎಂದು ಅವರು ತೊಡೆ ತಟ್ಟುವ ಹೊತ್ತಿಗೆ ತೊಗರಿ ಕಟ್ಟಿಗೆ ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ದಾಟಿ ಹೋಗುತ್ತಿರುತ್ತದೆ.

ಗೇರಿನ ಗುಂಡು ಮಾತ್ರ ಹಳೆಯದೇ ಇದೆ. ಮಿಸ್ತ್ರಿ ಐದು ಬರೆದಿದ್ದ ಹೊಸ ಗುಂಡು ತಂದಿದ್ದ, ನಾನೇ ಬೇಡವೆಂದೆ. ಕಪ್ಪು ಗುಂಡಿನ ಮೇಲೆ ಕೊರೆದ ಗೆರೆಗಳಲ್ಲಿದ್ದ ಬಿಳಿ ಬಣ್ಣ ಅಪ್ಪನ ಅಂಗೈಗೆ ಸವೆದು ಹೋಗಿ, ಈಗ ಆ ಗೆರೆಗಳಲ್ಲಿ ಮಣ್ಣು ತುಂಬಿದೆ. ನಾಲ್ಕರ ಅಂಕಿಯೊಂದರಲ್ಲಿ ತುಸು ಬಿಳುಪು ಉಳಿದಿದೆ, ಏಕೆಂದರೆ ಅಪ್ಪ ಅರವತ್ತರ ವೇಗ ದಾಟಿದವರಲ್ಲ. ನಾಲ್ಕು ಹಾಕಿದರೆಂದರೆ ಕೈ ಸ್ಟೀರಿಂಗಿಗೆ ಹೋಗಿಬಿಡುತ್ತಿತ್ತು. ಇಳಿಜಾರು ಬಂದರೆ ನ್ಯೂಟ್ರಲ್. ಪೆಟ್ರೋಲ್ ಉಳಿಯುತ್ತದೆಂದು. ಅವರಿದ್ದಿದ್ದರೆ ಐದನೇ ಗೇರಿಗೆ ಏನನ್ನುತ್ತಿದ್ದರು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಬಹುಶಃ ಏನೂ ಅನ್ನುತ್ತಿರಲಿಲ್ಲ. ಬಾನೆಟ್ ಎತ್ತಿ ನೋಡಿ, ಮುಚ್ಚಿ, ಬಟ್ಟೆಯಿಂದ ಕೈಯ ಗುರುತು ಒರೆಸಿರುತ್ತಿದ್ದರು.

ಗುಂಡಿನ ಮೇಲೆ ನಾಲ್ಕು, ಕೆಳಗೆ ಐದು. ಇದರ ಫಲವಾಗಿ ಪರರು ಯಾರೂ ನಮ್ಮ ಗಾಡಿ ಓಡಿಸುವಂತಿಲ್ಲ. ಓಡಿಸುವುದು ಹೋಗಲಿ, ರಿವರ್ಸ್ ತೆಗೆಯುವಂತಿಲ್ಲ. ರಿವರ್ಸ್ ಇರುವುದು ಐದರ ಕೆಳಗೆ, ಬಲಕ್ಕೆ ಪೂರ್ತಿ ಒತ್ತಿ ಹಿಂದಕ್ಕೆ. ಹಲ್ಲು ಕೂಡುವ ಮೊದಲೇ ಎರಡರ ವೇಗ ಹೊಂದಿಸುವ, ಉಳಿದ ಗೇರುಗಳಿಗೆ ಇರುವ ಸಿಂಕ್ರೊ ಎಂಬ ಅನುಕೂಲ ಇಂಥ ಡಬ್ಬಾಗಳಲ್ಲಿ ರಿವರ್ಸಿಗೆ ಇರುವುದಿಲ್ಲ. ಒಳಗಿನ ಶಾಫ್ಟ್ ಇನ್ನೂ ತಿರುಗುತ್ತಿದ್ದರೆ ಹಲ್ಲಿಗೆ ಹಲ್ಲು ಕಡಿದು ಕರ್ರ್ ಎನ್ನುತ್ತದೆ. ಪೂರ್ತಿ ನಿಂತಿದ್ದರೆ ಕೆಲವೊಮ್ಮೆ ಹಲ್ಲಿನ ತುದಿಗೆ ಹಲ್ಲಿನ ತುದಿ ಎದುರಾಗಿ ಒಳಗೇ ಹೋಗುವುದಿಲ್ಲ. ಅದಕ್ಕೆ ಮಿಸ್ತ್ರಿ ಮಂತ್ರ ಹೇಳಿಕೊಟ್ಟಿದ್ದಾನೆ: ಮೊದಲು ಎರಡನೇ ಗೇರಿಗೆ ಮುಟ್ಟಿಸಿ ಆಮೇಲೆ ರಿವರ್ಸ್. ಅದಕ್ಕೂ ಬಗ್ಗದಿದ್ದರೆ ನ್ಯೂಟ್ರಲಿಗೆ ತಂದು, ಕ್ಲಚ್ ಬಿಟ್ಟು, ಮತ್ತೆ ಒತ್ತಿ.

ಹೋದ ವಾರ ಸೇಡಂ ರಸ್ತೆಯ ಕಲ್ಯಾಣ ಮಂಟಪದ ಮುಂದೆ ಈ ಮಂತ್ರ ಕೈಕೊಟ್ಟಿತು. ಎದುರಿಗೆ ಮದುವೆ ಮೆರವಣಿಗೆ. ಕುದುರೆಯ ಮೇಲೆ ಮದುಮಗ, ಅವನ ಮುಂದೆ ಬ್ಯಾಂಡು, ಬ್ಯಾಂಡಿನ ಮುಂದೆ ಕುಣಿಯುವ ಗೆಳೆಯರು, ಗೆಳೆಯರ ಮುಂದೆ ನಾನು. ಹಿಂದೆ ಸರಿದರೆ ಎಲ್ಲರಿಗೂ ದಾರಿ. ಕಾಕಾ ಇಳಿದು ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ಎರಡೂ ಕೈಯಿಂದ ಕರೆಯತೊಡಗಿದರು. ನಾನು ಎರಡಕ್ಕೆ ಮುಟ್ಟಿಸಿದೆ, ಬಲಕ್ಕೆ ಒತ್ತಿದೆ, ಹಿಂದಕ್ಕೆಳೆದೆ. ಕರ್ರ್. ಬ್ಯಾಂಡಿನ ತಾಳಕ್ಕೆ ಸರಿಯಾಗಿ. ಮತ್ತೆ ಎಳೆದೆ, ಮತ್ತೆ ಕರ್ರ್. ಕುಣಿಯುತ್ತಿದ್ದ ಹುಡುಗನೊಬ್ಬ ಅದನ್ನೂ ವಾದ್ಯವೆಂದೇ ತಿಳಿದು ನನ್ನ ಬಾನೆಟ್ಟಿನ ಮುಂದೆ ಬಂದು ಕುಣಿಯತೊಡಗಿದ. "ಬರ್ಲಿ, ಬರ್ಲಿ" ಎನ್ನುವ ಕಾಕಾ ತಾವೇ ಹಿಂದೆ ಹಿಂದೆ ಹೋಗುತ್ತ ಹೋಗುತ್ತ ಪಾನ್ ಅಂಗಡಿ ತಲುಪಿದರೂ ಗಾಡಿ ಇದ್ದಲ್ಲೇ ಇತ್ತು. ಕಿಟಕಿಯಲ್ಲಿ ಒಬ್ಬೊಬ್ಬರಾಗಿ ತಲೆ ಹಾಕತೊಡಗಿದರು. ಒಬ್ಬ ಕ್ಲಚ್ ವೈರ್ ಹೋಗಿದೆ ಅಂದ. ಇನ್ನೊಬ್ಬ ಗುಂಡಿನ ಮೇಲೆ ಬೆರಳಿಟ್ಟು, "ಅಣ್ಣ, ರಿವರ್ಸ್ ಇಲ್ಲಿ ಬರದಾರ ನೋಡ್ರಿ, ನೀವು ಎಲ್ಲೋ ಹಾಕ್ಲಕತ್ತೀರಿ" ಎಂದು ನನಗೆ ಅಕ್ಷರಾಭ್ಯಾಸ ಮಾಡಿಸಿದ. ಕುದುರೆ ನನ್ನನ್ನು ನೋಡಿದ ರೀತಿಯಲ್ಲಿ ಒಂದಿಷ್ಟು ಕನಿಕರವಿತ್ತು.

ಕೊನೆಗೆ ವರನ ಕಡೆಯ ಆರೇಳು ಮಂದಿ ಬಂದು, ನ್ಯೂಟ್ರಲಿಗೆ ಹಾಕಿಸಿ, ಬಾನೆಟ್ಟಿಗೆ ಕೈ ಕೊಟ್ಟು ಗಾಡಿಯನ್ನು ಹಿಂದಕ್ಕೆ ನೂಕಿದರು. ಅರ್ಧ ನಿಮಿಷದ ಕೆಲಸ. ಅವರೆಲ್ಲ ಕೈ ಝಾಡಿಸಿಕೊಳ್ಳುತ್ತಿದ್ದಾಗ ಪಾನ್ ಅಂಗಡಿಯಿಂದ ಬಂದ ಕಾಕಾ, ಬೀಗರಿಗೆಲ್ಲ ಕೇಳುವ ಹಾಗೆ ಅಂದರು: "ಸಾದಾ ಗಾಡಿ ಅಲ್ರೀ ಇದು. ಐದು ಗೇರ್ ಅದಾವ."

ಅಂದು ರಾತ್ರಿ ನಾನು ಅವರ ಜೊತೆ ಮಾತಾಡಲಿಲ್ಲ.

ಆದರೆ ಲೆಕ್ಕ ಚುಕ್ತಾ ಆಗದೆ ಬಿಡುವವರಲ್ಲ ಅವರು. ಈ ಭಾನುವಾರ ಬೀದರಿಗೆ ಹೊರಟೆವು. ರಿಂಗ್ ರೋಡ್ ಮುಟ್ಟುವ ಮೊದಲೇ "ಹಾಕ್ತಿ ಏನು?" ಶುರು. ಎರಡು ಸ್ಪೀಡ್ ಬ್ರೇಕರ್‌ಗಳ ನಡುವೆ, ನಲವತ್ತರ ವೇಗದಲ್ಲಿ, ಇನ್ನು ತಡೆಯಲಾರದೆ ಹಾಕಿಯೇ ತೋರಿಸಿದೆ. ಗಾಡಿ ಚಳಿಜ್ವರ ಬಂದಂತೆ ನಡುಗಿ, ಡ್ಯಾಶ್‌ಬೋರ್ಡಿನ ಮೇಲಿನ ಶರಣಬಸವೇಶ್ವರರ ಫೋಟೊ ಕಾಕಾನ ಮಡಿಲಿಗೆ ಬಿತ್ತು. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಮಹಾಗಾಂವ್ ಕ್ರಾಸ್ ಬರುವವರೆಗೆ ಬಾಯಿ ಬಿಡಲಿಲ್ಲ.

ಕ್ರಾಸ್ ದಾಟಿದ ಮೇಲೆ ರಸ್ತೆ ಬಿಚ್ಚಿಕೊಂಡಿತು. ಎರಡೂ ಕಡೆ ಕರಿಮಣ್ಣು, ಮುಂದೆ ಯಾರಿಲ್ಲ. ಮೀಟರ್ ತೊಂಬತ್ತು ಅಂದಿತು; ನಾನು ಎಪ್ಪತ್ತಿರಬಹುದು ಎಂದುಕೊಂಡು ಐದಕ್ಕೆ ಹಾಕಿದೆ. ಎಂಜಿನ್ನಿನ ಕೂಗು ಇಳಿಯಿತು. ನಿಜಕ್ಕೂ ಇಳಿಯಿತು! ಇಷ್ಟು ವರ್ಷಗಳಲ್ಲಿ ಆ ಗಾಡಿಯೊಳಗೆ ನಾನು ಕೇಳದಿದ್ದ ಸದ್ದುಗಳೆಲ್ಲ ಒಂದೊಂದಾಗಿ ಕೇಳತೊಡಗಿದವು. ಎಡಗಡೆ ಬಾಗಿಲಿನ ಗಡಗಡ. ಹಿಂದಿನ ಗಾಜಿನ ಕಿಟಿಕಿಟಿ. ಸೀಟಿನ ಕೆಳಗೆ ಯಾವುದೋ ಬೋಲ್ಟ್ ಆ ಕಡೆಯಿಂದ ಈ ಕಡೆಗೆ ಉರುಳುವುದು. ಡಿಕ್ಕಿಯಲ್ಲಿ ಜಾಕ್ ಕುಣಿಯುವುದು. ಇಷ್ಟು ಕಾಲ ಇವೆಲ್ಲವನ್ನೂ ಎಂಜಿನ್ ಒಂದೇ ಅರಚಿ ಮುಚ್ಚಿಟ್ಟಿತ್ತು.

ಕಾಕಾ ಕಿವಿಗೊಟ್ಟು ಕೇಳಿದರು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲು ನಿಲ್ಲಿಸಿದಾಗ, ಕೆಳಗಿಳಿದು ಎಡಗಡೆ ಬಾಗಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದರು. ಆಮೇಲೆ ಜೇಬಿನಿಂದ ಪುಟ್ಟ ಡೈರಿ ತೆಗೆದು ಏನೋ ಗುರುತು ಹಾಕಿಕೊಂಡು ಅಂದರು:

"ಬಾಗಲಾ ಆಲ್ಟೊಂದು ಕೂಡ್ತದೇನು ಕೇಳಮಿ. ಮುಂದಿನ ಐತಾರ ಸೋಲಾಪುರಕ್ಕ ಹೋಗಮಿ."