ನೊರೆ ಇಳಿಯಿತು, ಸೋಪು ಹೂಳಿನಲ್ಲೇ ಇದೆ

ಬೆಂಗಳೂರಿನ ಬೆಳ್ಳಂದೂರು ಕೆರೆ ಕೋಡಿಯ ಹತ್ತಿರ, ಯಮಲೂರು ಕಡೆಯಿಂದ, ಒಂದು ದೊಡ್ಡ ಬಾಟಲಿ ತುಂಬ ಕಪ್ಪು ಕೆಸರು ತಂದಿದ್ದೆ. ಎರಡು ದಿನ ಅಲುಗಾಡಿಸದೆ ಇಟ್ಟೆ. ಕೆಸರು ತಳ ಸೇರಿ ಮೇಲಿನ ನೀರು ತಿಳಿಯಾಯಿತು. ಅದನ್ನು ಬಸಿದು, ನಲ್ಲಿ ನೀರು ತುಂಬಿ ಜೋರಾಗಿ ಕುಲುಕಿದೆ. ಎರಡು ಬೆರಳಷ್ಟು ನೊರೆ! ಮತ್ತೆ ಬಸಿದೆ, ಮತ್ತೆ ತುಂಬಿದೆ. ಮತ್ತೆ ನೊರೆ.

ಬಟ್ಟೆ ತೊಳೆಯುವ ಪುಡಿಯಲ್ಲಿ ಕೊಳೆ ತೆಗೆದು ನೊರೆ ಕಟ್ಟುವ ವಸ್ತು ಹೆಚ್ಚಾಗಿ ಲೀನಿಯರ್ ಆಲ್ಕೈಲ್‌ಬೆಂಜೀನ್ ಸಲ್ಫೋನೇಟ್. ಇದರ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ಜಿಡ್ಡನ್ನು ಹಿಡಿಯುವ ಒಂದು ಬಾಲ. ಅಂಗಿಯ ಕಾಲರಿನ ಕೊಳೆ ಹಿಡಿದ ಬಾಲವೇ ಚರಂಡಿ ದಾಟಿದ ಮೇಲೆ ಕೊಳೆತ ಕೆಸರನ್ನೂ ಹಿಡಿಯುತ್ತದೆ. ಬಾಲ ಉದ್ದವಿದ್ದಷ್ಟೂ ಹಿಡಿತ ಬಿಗಿ. ಬೋರ್‌ವೆಲ್ಲಿನ ಗಡಸು ನೀರಾದರೆ ಕ್ಯಾಲ್ಸಿಯಂ ಸೇರಿ ಇನ್ನೂ ಬೇಗ ತಳಕ್ಕಿಳಿಯುತ್ತದೆ. ಕೂದಲಿನ ಕಂಡೀಷನರಿನಲ್ಲಿರುವುದು ಇಂಥದೇ ವಸ್ತುವಿನ ಧನ ವಿದ್ಯುದಂಶದ ಜಾತಿ, ಜೇಡಿಮಣ್ಣಿನದು ಋಣ. ಅದು ಕಚ್ಚಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ.

1960ರ ದಶಕದಲ್ಲಿ ಯುರೋಪು, ಅಮೆರಿಕದ ನದಿಗಳೂ ಹೀಗೇ ನೊರೆಗಟ್ಟಿದ್ದವು. ಆಗಿನ ಡಿಟರ್ಜೆಂಟಿನ ಕವಲೊಡೆದ ಬಾಲವನ್ನು ಬ್ಯಾಕ್ಟೀರಿಯಾಗಳಿಗೆ ಸುಲಭಕ್ಕೆ ತುಂಡರಿಸಲು ಆಗುತ್ತಿರಲಿಲ್ಲ. ಅದಕ್ಕೇ ನೇರ ಬಾಲದ್ದು ಬಂತು. ಇದನ್ನು ಅವು ತಿನ್ನುತ್ತವೆ, ಆದರೆ ಗಾಳಿ ಇದ್ದರೆ ಮಾತ್ರ. ಉತ್ತ ಹೊಲದ ಮಣ್ಣಿನಲ್ಲಿ ಕೆಲವೇ ವಾರಗಳಲ್ಲಿ ಹೆಚ್ಚಿನ ಪಾಲು ಕರಗಿಹೋಗುವ ವಸ್ತು, ಆಮ್ಲಜನಕವೇ ಇಲ್ಲದ ಬೆಳ್ಳಂದೂರಿನ ಹೂಳಿನಲ್ಲಿ ವರ್ಷಗಟ್ಟಲೆ ಹಾಗೇ ಕೂತಿರುತ್ತದೆ. ಜೋರು ಮಳೆ ತಳ ಕಲಕಿತೋ, ಕೋಡಿಯಲ್ಲಿ ಧುಮುಕುವಾಗ ನೊರೆಯಾಗಿ ಏಳುತ್ತದೆ. ನಮ್ಮ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ವಿಜ್ಞಾನಿಗಳು ಕೆರೆಯನ್ನು ಅಧ್ಯಯನ ಮಾಡಿ ಹೇಳಿದ್ದೂ ಇದನ್ನೇ.

2015ರಿಂದಾಚೆಗೆ ನೊರೆ ರಸ್ತೆಗೆ ಹಾರತೊಡಗಿದಾಗ ನೀರು ಸಿಂಪಡಿಸಿದರು, ಬಲೆ ಕಟ್ಟಿದರು. ಸ್ಕೂಟರಿನವರ ಕಣ್ಣು ಉಳಿಯಿತು, ಅದು ಬೇಕಿತ್ತು. ಕೆರೆಗೆ ಅದರಿಂದ ಏನೂ ಆಗಲಿಲ್ಲ.

ಹೂಳೆತ್ತುವುದು ಸರಿಯಾದ ಕೆಲಸ ಎಂದೇ ನನ್ನ ನಂಬಿಕೆ. ಆದರೆ ಎತ್ತಿದ್ದನ್ನು ಗುಡ್ಡೆ ಹಾಕಿದರೆ ಒಳಗೆ ಮತ್ತೆ ಗಾಳಿ ಇಲ್ಲ, ಸೋಪು ಭದ್ರ. ತೆಳ್ಳಗೆ ಹರಡಿ ಆಗಾಗ ತಿರುವಿ ಹಾಕಬೇಕು. ಹಾಗೆ ಮಾಡಿದರೂ ಹೂಳಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ವಿಷಲೋಹಗಳು ಎಲ್ಲೂ ಹೋಗುವುದಿಲ್ಲ. ಪರೀಕ್ಷೆ ಮಾಡಿಸದೆ ಯಾವ ರೈತರೂ ಇದನ್ನು ಗೊಬ್ಬರ ಅಂತ ಹೊಲಕ್ಕೆ ಹೊಡೆಸಬೇಡಿ, ದಯವಿಟ್ಟು. ಇನ್ನು, ಕೆರೆಗೆ ಇಳಿಯುವ ಮೊದಲೇ ಕೊಳಚೆಗೆ ಗಾಳಿ ಊದಿ ಶುದ್ಧ ಮಾಡದಿದ್ದರೆ ಹೊಸ ಹೂಳಿಗೂ ಇದೇ ಗತಿ.

ಅವತ್ತು ತಂದ ಕೆಸರಿನಲ್ಲಿ ಒಂದಿಷ್ಟನ್ನು ಊಟದ ತಟ್ಟೆಯಲ್ಲಿ ಹರಡಿ, ದಿನಾ ನೀರು ಚಿಮುಕಿಸಿ, ಕಡ್ಡಿಯಿಂದ ಕೆದಕುತ್ತಾ ಬಾಲ್ಕನಿಯಲ್ಲಿ ಇಟ್ಟಿದ್ದೆ. ಉಳಿದದ್ದು ಮುಚ್ಚಳ ಬಿಗಿದ ಬಾಟಲಿಯಲ್ಲೇ ಇತ್ತು. ಎರಡು ತಿಂಗಳಾದ ಮೇಲೆ ಎರಡನ್ನೂ ನೀರಿಗೆ ಹಾಕಿ ಕುಲುಕಿದೆ. ತಟ್ಟೆಯದ್ದರಲ್ಲಿ ನಾಲ್ಕು ಗುಳ್ಳೆ ಎದ್ದು ಒಡೆದವು. ಬಾಟಲಿಯದ್ದು ಮೊದಲಿನಷ್ಟೇ ನೊರೆ ಕಟ್ಟಿತು.