ಅಪ್ರದಕ್ಷಿಣೆ ಹಾಕುವ ಕ್ಲಬ್ಬು

ಟೆಕ್ಸಾಸ್‌ನಲ್ಲಿ ನಮ್ಮ ಮನೆ ಹತ್ತಿರದ ಕಂಟ್ರಿ ಅಂಡ್ ವೆಸ್ಟರ್ನ್, ಅಂದರೆ ಇಲ್ಲಿನ ಹಳ್ಳಿಗಾಡಿನ ಹಾಡು-ಕುಣಿತದ, ಕ್ಲಬ್ಬಿನವರು ತಿಂಗಳ ಕಾರ್ಯಕ್ರಮವನ್ನೆಲ್ಲ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸುತ್ತಾರೆ. ಮಂಗಳವಾರ ಡಾನ್ಸ್ ಪಾಠ, ಗುರುವಾರ ಸ್ಟೀಲ್ ಗಿಟಾರ್, ಶನಿವಾರ ದೊಡ್ಡ ಬ್ಯಾಂಡು, ಭಾನುವಾರ ಕೋಳಿ. ಕೋಳಿ ಊಟಕ್ಕಲ್ಲ, ಕಾರ್ಯಕ್ರಮ ಕೊಡೋಕೆ. ಅದರ ಕಥೆ ಆಮೇಲೆ.

ಆಗ ಅಮ್ಮ ಮೈಸೂರಿನಿಂದ ಬಂದಿದ್ದಳು. ಅಮೆರಿಕಕ್ಕೆ ಬಂದ ಎಲ್ಲ ಅಮ್ಮಂದಿರ ಹಾಗೆ ಅವಳಿಗೂ ಹೊತ್ತೇ ಹೋಗುತ್ತಿರಲಿಲ್ಲ. ಹಾಳೆ ನೋಡಿದ್ದೇ, "ವಾರವೆಲ್ಲ ಸಂಗೀತ ಕಚೇರಿ ಇಟ್ಟುಕೊಂಡು ಮನೇಲಿ ಟಿವಿ ನೋಡ್ತೀರಲ್ಲೋ!" ಅಂತ ನನ್ನನ್ನೂ ನನ್ನ ಹೆಂಡತಿಯನ್ನೂ ಹೊರಡಿಸಿದಳು.

ಈ ಸೀಮೆಯಲ್ಲಿ ಇಂಥ ಜಾಗಗಳು ಹೊಸದೇನಲ್ಲ. ಜರ್ಮನಿಯಿಂದ, ಚೆಕ್ ನಾಡಿನಿಂದ ಬಂದು ನೆಲೆಸಿದವರು ಊರೂರಿಗೂ ಕುಣಿತದ ಹಾಲ್ ಕಟ್ಟಿಸಿದರು. ನ್ಯೂ ಬ್ರೌನ್‌ಫೆಲ್ಸ್‌ನ ಗ್ರೀನ್ ಹಾಲ್ 1878ರದ್ದು, ಆಸ್ಟಿನ್‌ನ ಬ್ರೋಕನ್ ಸ್ಪೋಕ್ 1964ರದ್ದು. ನಮ್ಮ ಕ್ಲಬ್ಬಿಗೆ ಅಷ್ಟು ವಯಸ್ಸಿಲ್ಲ, ರಿವಾಜು ಮಾತ್ರ ಅದೇ. ಹಾಡುವವನ ಎದುರಿನ ಜಾಗವೆಲ್ಲ ಕುಣಿಯುವವರಿಗೆ. ಕೂತು ತೊಡೆ ತಟ್ಟುವವರಿಗೆ ಗೋಡೆ ಪಕ್ಕ.

ಅಮ್ಮನ ಮೊದಲ ತಕರಾರು ದಿಕ್ಕಿನದ್ದು. ಟೂ ಸ್ಟೆಪ್ ಕುಣಿಯುವ ಜೋಡಿಗಳು ಹಾಲನ್ನು ಸುತ್ತುವುದು ಗಡಿಯಾರದ ಮುಳ್ಳಿಗೆ ಉಲ್ಟಾ. "ಶುಭ ಅಂತ ಬಂದೋರು ಅಪ್ರದಕ್ಷಿಣೆ ಹಾಕ್ತಾರಲ್ಲೋ!" ಬೇಗ ಕುಣಿಯುವವರು ಹೊರಸುತ್ತಿನಲ್ಲಿ, ನಿಧಾನದವರು ಒಳಸುತ್ತಿನಲ್ಲಿ. ಈ ಶಿಸ್ತು ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಯಾವತ್ತಾದರೂ ಕಂಡಿದ್ದರೆ ಕೇಳಿ.

ಎರಡನೇ ತಕರಾರು ನನ್ನ ಹೆಂಡತಿಯದ್ದು. ಚಿಕ್ಕಂದಿನಲ್ಲಿ ಸಂಗೀತ ಕಲಿತವಳು. ಡಾನ್ಸ್ ಮೇಷ್ಟ್ರು "ಕ್ವಿಕ್ ಕ್ವಿಕ್, ಸ್ಲೋ, ಸ್ಲೋ" ಅಂತ ಹೇಳಿಕೊಡುತ್ತಿದ್ದರೆ ಇವಳು ಬೆರಳು ಮಡಚುತ್ತಿದ್ದಳು. ಕ್ವಿಕ್‌ಗೆ ಒಂದೊಂದು, ಸ್ಲೋಗೆ ಎರಡೆರಡು, ಒಟ್ಟು ಆರು. ಹಾಡು ಮಾತ್ರ ನಾಲ್ಕು ನಾಲ್ಕರಲ್ಲಿ ಹೋಗುತ್ತಿದೆ. "ರೀ, ಹಾಡು ಏಕತಾಳದಲ್ಲಿದೆ, ಕಾಲು ರೂಪಕದಲ್ಲಿದೆ. ಹನ್ನೆರಡಕ್ಕೆ ಒಂದ್ಸಲ ಸೇರುತ್ತೆ, ಅಲ್ಲೀವರೆಗೂ ಸುಮ್ನೆ ನಿಂತಿರಿ." ನಿಂತೆವು. ಹಿಂದಿನಿಂದ ಬಂದ ಜೋಡಿ ನಮ್ಮ ಮೇಲೆ, ಅದರ ಹಿಂದಿನದು ಅದರ ಮೇಲೆ. ಲೆಕ್ಕ ಸರಿಯಾಗಿಯೇ ಇತ್ತು.

ಗುರುವಾರದ ಪೆಡಲ್ ಸ್ಟೀಲ್ ಗಿಟಾರ್ ಕಲಾವಿದನನ್ನು ಅಮ್ಮ ಮೆಚ್ಚಿದಳು. ಮೇಜಿನಂಥ ವಾದ್ಯ. ಎಡಗೈಯಲ್ಲಿ ಉಕ್ಕಿನ ಕಡ್ಡಿ ಜಾರಿಸುತ್ತಾನೆ, ಬಲಗೈಯಲ್ಲಿ ಮೀಟುತ್ತಾನೆ, ಪಾದದಲ್ಲಿ ಪೆಡಲ್ ಒತ್ತುತ್ತಾನೆ, ಮೊಣಕಾಲಲ್ಲೂ ಏನೋ ತಳ್ಳುತ್ತಾನೆ. ಸ್ವರ ಸ್ವರಕ್ಕೆ ಎಳೆದುಕೊಂಡು ಹೋಗುತ್ತೆ. "ಗಮಕ ಗೊತ್ತು ಕಣೋ ಇವನಿಗೆ!" ಅಂತ ಅಮ್ಮ ಕುರ್ಚಿಯನ್ನು ಸೀದಾ ಅವನ ಮುಂದೆ ಎಳೆದುಕೊಂಡು, ಕಣ್ಣು ಮುಚ್ಚಿ, "ತ್ಚ್ ತ್ಚ್" ಅನ್ನುತ್ತ ತಲೆಯನ್ನು ಅತ್ತಿತ್ತ ಆಡಿಸತೊಡಗಿದಳು. ಆತ ಬೆವತ. ಬ್ರೇಕಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದು, "ನಿಮ್ಮ ತಾಯಿಗೆ ಎಲ್ಲಿ ತಪ್ಪು ಕಾಣಿಸಿತು?" ಅಂತ ಕೇಳಿದ. ಅಷ್ಟರಲ್ಲಿ ಟಿಪ್ಸ್ ಬಕೆಟ್ ಒಂದು ಸುತ್ತು ಹಾಕುತ್ತ ಬಂತು. ಅಮ್ಮ ಐದು ಡಾಲರ್ ಹಾಕಿ, ಬಕೆಟ್ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆತನ ಗಾಬರಿ ಇನ್ನೂ ಜಾಸ್ತಿಯಾಯಿತು.

ಶನಿವಾರ ನಾನು ಕೌಬಾಯ್ ಶರ್ಟ್ ಹಾಕಿದ್ದೆ. ಅದಕ್ಕೆ ಮುತ್ತಿನ ಹೊಳಪಿನ ಟಿಚ್ ಬಟನ್. ಗೂಳಿಯ ಕೊಂಬಿಗೋ ಕುದುರೆ ಜೀನಿಗೋ ಶರ್ಟ್ ಸಿಕ್ಕಿಕೊಂಡರೆ ಆಳು ಎಳೆದಾಡಿಸಿಕೊಳ್ಳದೆ ಬಟನ್ ಬಿಚ್ಚಿಕೊಂಡು ಪಾರಾಗಲಿ ಅಂತ ಈ ಏರ್ಪಾಟಂತೆ. ಗೂಳಿ ಬೇಕಾಗಲಿಲ್ಲ. ಒಂದು ತಿರುವಿನಲ್ಲಿ ಹೆಂಡತಿಯ ಬಳೆಗೆ ಹಾಕಿದ್ದ ಪಿನ್ನು ನನ್ನ ಜೇಬಿಗೆ ಸಿಕ್ಕಿತು. ಟಕ್ ಟಕ್ ಟಕ್ ಅಂತ ಕಾಲರ್‌ನಿಂದ ಬೆಲ್ಟಿನವರೆಗೂ ಶರ್ಟು ತೆರೆದುಕೊಂಡಿತು. ಒಳಗೆ ಬನಿಯನ್ನು, ಬನಿಯನ್ನಿನ ಮೇಲೆ ಇಣುಕುವ ಜನಿವಾರ. ಹೊರಸುತ್ತಿನಲ್ಲಿದ್ದ ಅಜ್ಜಿ ಸಿಳ್ಳೆ ಹಾಕಿದರು.

ಊಟದ ಮಾತು ಬೇಡ. ಚಿಕನ್ ಫ್ರೈಡ್ ಸ್ಟೇಕ್ ಅನ್ನೋ ತಿಂಡಿಗೆ ಚಿಕನ್ ಇಲ್ಲ, ದನದ ಮಾಂಸ ಅಂತ ಗೊತ್ತಾದ ಮೇಲೆ ನಾವು ಹುರಿದ ಬೆಂಡೆಕಾಯಿ ಬಿಟ್ಟು ಬೇರೆ ಏನನ್ನೂ ನಂಬಲಿಲ್ಲ.

ಇನ್ನು ಭಾನುವಾರದ ಕೋಳಿ. ಆಸ್ಟಿನ್‌ನ ಲಿಟಲ್ ಲಾಂಗ್‌ಹಾರ್ನ್ ಸಲೂನ್‌ನಲ್ಲಿ ಹೆಸರಾದ ಆಟ, ನಮ್ಮ ಕ್ಲಬ್ಬಿನವರೂ ಎತ್ತಿಕೊಂಡಿದ್ದಾರೆ. ಹಲಗೆ ಮೇಲೆ ಚೌಕ ಚೌಕವಾಗಿ ನಂಬರ್ ಬರೆದು, ಮೇಲೆ ಜಾಲರಿ ಇಟ್ಟು, ಒಳಗೆ ಕೋಳಿ ಬಿಡುತ್ತಾರೆ. ಅದು ಯಾವ ನಂಬರಿನ ಮೇಲೆ ಹಿಕ್ಕೆ ಹಾಕುತ್ತೋ ಆ ಚೀಟಿಯವನಿಗೆ ದುಡ್ಡು. ಒಂದು ಕಡೆ ಬ್ಯಾಂಡು ಜೀವ ತೇಯ್ದು ನುಡಿಸುತ್ತಿದೆ, ಇನ್ನೊಂದು ಕಡೆ ಇಡೀ ಜನ ಕೋಳಿಯ ಹಿಂಭಾಗ ನೋಡುತ್ತ ಉಸಿರು ಬಿಗಿಹಿಡಿದಿದೆ. ಕಲಾವಿದರ ಪಾಡು ಎಲ್ಲಾ ಕಡೆ ಒಂದೇ, ಅಲ್ವಾ?

ಕೊನೆಗೂ ಕೋಳಿ ಮನಸ್ಸು ಮಾಡಿತು. ಸರಿಯಾಗಿ ಎರಡು ಚೌಕಗಳ ನಡುವಿನ ಗೆರೆ ಮೇಲೆ. ಬೂಟು ಹಾಕಿದ ಆರಡಿ ಆಳುಗಳಿಬ್ಬರು ಚೀಟಿ ಹಿಡಿದು ಜಗಳಕ್ಕೆ ನಿಂತರು. ಅಮ್ಮ ಎದ್ದಳು. "ಕುಂಟೆಬಿಲ್ಲೆ ಆಡಿಲ್ವಾ ಇವ್ರು? ಗೆರೆ ಮೇಲೆ ಬಿದ್ರೆ ಔಟು!" ಕ್ಲಬ್ಬಿನ ಯಜಮಾನನಿಗೆ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆತ ಸ್ವಲ್ಪ ಹೊತ್ತು ಗಡ್ಡ ತುರಿಸಿಕೊಂಡು, ಅಮ್ಮ ಹೇಳಿದ್ದೇ ನ್ಯಾಯ ಅಂದ. ಮರು ಆಟ. ಆದರೆ ಕೋಳಿಯ ಹೊಟ್ಟೆ ಖಾಲಿಯಾಗಿತ್ತು. ಅದಕ್ಕೆ ಕಾಳು ಹಾಕಿಸಿ, ಅರಗುವ ತನಕ ಬ್ಯಾಂಡಿನವರು ನುಡಿಸಬೇಕಾಯಿತು, ಪಾಪ.