ಕೊಡೋಕಾ, ಇಟ್ಕೊಳ್ಳೋಕಾ?

ಗೌರಿ ಹಬ್ಬಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಬ್ಲೌಸ್ ಪೀಸ್ ತರಲು ಅಂಗಡಿಗೆ ಹೋಗಿದ್ದೆ. ಕೌಂಟರಿನ ಹುಡುಗ ತಲೆ ಎತ್ತದೆ ಕೇಳಿದ, "ಕೊಡೋಕಾ ಮೇಡಂ, ಇಟ್ಕೊಳ್ಳೋಕಾ?"

ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ನೋಡಿದರೆ ಎರಡಕ್ಕೂ ಬೇರೆ ಬೇರೆ ಕಟ್ಟು. ಕೊಡೋಕೆ ಅಂದರೆ ಕೆಳಗಿನ ಖಾನೆಯಿಂದ ಪಾಲಿಯೆಸ್ಟರ್ ಡಜನ್‌ಗಟ್ಟಲೆ ಬರುತ್ತದೆ. ಇಟ್ಕೊಳ್ಳೋಕೆ ಅಂದರೆ ಮೇಲಿನಿಂದ ಕಾಟನ್ ಇಳಿಯುತ್ತದೆ. ಹುಡುಗನ ಮೇಲೆ ರೇಗಿ ಏನು ಬಂತು? ನಮ್ಮಂಥವರನ್ನು ನೋಡಿ ನೋಡಿ ಕಲಿತ ಪ್ರಶ್ನೆ ಅದು. ದಿನಸಿ ಅಂಗಡಿಯಲ್ಲೂ ಇದೇ ಕಥೆ. ಪೂಜೆ ಅಡಿಕೆ ಅಂತ ಒಂದಿದೆ, ಬಾಯಿಗೆ ಹಾಕುವ ಹಾಗಿಲ್ಲ. ದೇವರ ಹೆಸರು ಹೇಳಿದ ತಕ್ಷಣ ಮಾಲು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ.

ಹೋದ ವರ್ಷ ನಮ್ಮ ಮನೆಗೆ ಆರು ಬಾಗಿನ ಬಂದವು. ಗಣೇಶನನ್ನು ಬಿಟ್ಟು ಬಂದ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಒಂದೊಂದೇ ಬಿಚ್ಚಿದೆ. ನಾಲ್ಕು ರೆಡಿಮೇಡ್ ಸೆಟ್. ಅಂಗೈ ಅಗಲದ ಪ್ಲಾಸ್ಟಿಕ್ ಮೊರ, ಬೆರಳುದ್ದದ ಪ್ಯಾಕೆಟ್‌ಗಳಲ್ಲಿ ಬೇಳೆಗಳು. ಸುಮ್ನೆ ಕುತೂಹಲಕ್ಕೆ ಒಂದರ ಕಡ್ಲೆಬೇಳೆ ಎಣಿಸಿದೆ. ಇಪ್ಪತ್ಮೂರು. ಅದರಲ್ಲೂ ಎರಡಕ್ಕೆ ಹುಳ ತೂತು ಕೊರೆದಿತ್ತು. ಬಾಚಣಿಗೆಯ ಹಲ್ಲುಗಳ ನಡುವೆ ಸಂದೇ ಇಲ್ಲ. ಕನ್ನಡಿ ಅಂದರೆ ರಟ್ಟಿಗೆ ಅಂಟಿಸಿದ ಬೆಳ್ಳಿ ಕಾಗದ, ಮುಖ ಬಿಡಿ, ಮೂಗೂ ಕಾಣಲ್ಲ. ಬಳೆ ಮೂರು ವರ್ಷದ ಮಗುವಿನ ಕೈಗೂ ಹತ್ತುವಂತಿರಲಿಲ್ಲ.

ಬ್ಲೌಸ್ ಪೀಸ್‌ಗಳಲ್ಲಿ ಒಂದು ನಾನೇ ಎರಡು ವರ್ಷದ ಹಿಂದೆ ಕೊಟ್ಟಿದ್ದು! ಮೊರಕ್ಕೆ ಅರಿಶಿನ ಹಚ್ಚಿದ ಕೈಯಲ್ಲೇ ಮುಟ್ಟಿದ್ದೆ, ಮೂಲೆಯಲ್ಲಿ ನನ್ನ ಬೆರಳಿನ ಗುರುತು ಹಾಗೇ ಇತ್ತು. ಎಷ್ಟು ಮನೆ ಸುತ್ತಿತೋ, ಕೊನೆಗೆ ಗೌರಿಯ ಥರಾನೇ ತವರಿಗೆ ಬಂದಿತ್ತು.

ನಮ್ಮತ್ತೆ ಬಾಗಿನ ಜೋಡಿಸುತ್ತಿದ್ದುದು ನೆನಪಾಯಿತು. ಮೇದರ ಹತ್ತಿರ ಹೋಗಿ ಬಿದಿರಿನ ಮೊರ ಬೆರಳಲ್ಲಿ ಬಡಿದು ನೋಡಿ ತರುತ್ತಿದ್ದರು. ತೊಳೆದು, ಅರಿಶಿನ ಬಳಿದು, ಬಿಸಿಲಿಗೆ ಇಡುತ್ತಿದ್ದರು. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಕಡ್ಲೆಬೇಳೆ, ರವೆ, ಎಲ್ಲ ಪಾವಿನಲ್ಲಿ ಅಳೆದು. ಅಚ್ಚು ಬೆಲ್ಲ, ತೆಂಗಿನಕಾಯಿ, ಹಣ್ಣು, ಬಳೆ, ಕರಿಮಣಿ, ರವಿಕೆ ಕಣ. ಮೇಲೊಂದು ಮೊರ ಮುಚ್ಚಿ, ಸೆರಗು ಹೊದಿಸಿ ಕೊಡುವುದು. ಹಬ್ಬ ಮುಗಿದ ಮೇಲೆ ಆ ಮೊರದಲ್ಲೇ ವರ್ಷವಿಡೀ ಅಕ್ಕಿ ಕೇರಬಹುದಿತ್ತು. ಐದು ಬಾಗಿನ ಬಂದ ಮನೆಯಲ್ಲಿ ತಿಂಗಳ ಬೇಳೆಗೆ ಯೋಚನೆ ಇರಲಿಲ್ಲ. ಕೈಯಲ್ಲಿ ಕಾಸಿಲ್ಲದ ಕಾಲದ ಹೆಂಗಸರು, ಗಂಡನನ್ನು ಕೇಳದೆ ಇನ್ನೊಬ್ಬಳಿಗೆ ದಿನಸಿ ದಾಟಿಸಲು ಮಾಡಿಕೊಂಡ ದಾರಿ ಇದು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಇದನ್ನೆಲ್ಲ ಹೇಳಿದರೆ, "ಅಯ್ಯೋ, ಶಾಸ್ತ್ರಕ್ಕೆ ಕೊಡೋದು ಅಲ್ವಾ" ಅನ್ನುತ್ತಾರೆ. ಶಾಸ್ತ್ರಕ್ಕೇ ಆದರೆ ತಾಂಬೂಲ ಇದೆಯಲ್ಲ. ಎರಡು ವೀಳ್ಯದೆಲೆ, ಅಡಿಕೆ, ಒಂದು ಬಾಳೆಹಣ್ಣು. ಕೈಲಾಗದವರಿಗೆ ಮರ್ಯಾದೆಯ ದಾರಿಯನ್ನು ಹಿರಿಯರೇ ಇಟ್ಟಿದ್ದಾರೆ. ಇಪ್ಪತ್ಮೂರು ಕಡ್ಲೆಬೇಳೆಗೆ ಮೊರ ಅಂತ ಯಾಕೆ ಹೆಸರು? ನಚಿಕೇತನ ಕಥೆ ಮಕ್ಕಳಿಗೆ ಹೇಳುತ್ತೇವೆ. ಯಮನ ಮನೆ ಬಾಗಿಲಲ್ಲಿ ಮೂರು ರಾತ್ರಿ ಕಾದ, ಮೂರು ವರ ಪಡೆದ ಅಂತ. ಅವನು ಅಲ್ಲಿಗೆ ಹೋಗಿದ್ದು ಯಾಕೆ ಅನ್ನೋದನ್ನು ಮಾತ್ರ ಬೇಗ ದಾಟಿಸುತ್ತೇವೆ. ಅಪ್ಪ ಯಜ್ಞದಲ್ಲಿ ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದ, ಹುಡುಗನಿಗೆ ಅದು ತಡೆಯಲಿಲ್ಲ. ಕೊಡೋ ಹಸು ಬೇರೆ, ಇಟ್ಟುಕೊಳ್ಳೋ ಹಸು ಬೇರೆ! ಕೆಳಗಿನ ಖಾನೆ ಆಗಲೇ ಇತ್ತು.

ಕೆಆರ್‌ಎಸ್ 124.80 ಅಡಿ ತುಂಬಿದಾಗ ಮುಖ್ಯಮಂತ್ರಿಗಳು ಕಾವೇರಿಗೆ ಬಾಗಿನ ಬಿಡುತ್ತಾರಲ್ಲ, ಟಿವಿಯಲ್ಲಿ ನೋಡುವಾಗಲೂ ಈಗ ನನ್ನ ಕಣ್ಣು ಮೊರದ ಮೇಲೇ. ಬಿದಿರಿನದಾದರೆ ಸಮಾಧಾನ. ಹೊಳೆ ದಂಡೆಗಳಲ್ಲಿ ನಾವು ಬಿಡುವುದನ್ನು ನೆನೆದರೆ ಸಮಾಧಾನ ಇಲ್ಲ.

ಇನ್ನೊಂದು ಮಾತು, ಬೈದರೂ ಪರವಾಗಿಲ್ಲ. ಮಾವ ತೀರಿಕೊಂಡ ವರ್ಷ ಅತ್ತೆ ಪಾವು ಹಿಡಿದು ಅಡುಗೆಮನೆಯಿಂದ ಈಚೆಗೆ ಬರಲಿಲ್ಲ. ನಲವತ್ತು ವರ್ಷ ಬಾಗಿನ ಅಳೆದ ಕೈ ಅದು. ಎಲ್ಲರೂ ಹೋದ ಮೇಲೆ ಒಂದು ಮೊರ ಅವರ ಮುಂದೆ ಹಿಡಿದೆ. "ಬೇಡಮ್ಮ, ಯಾರಾದ್ರೂ ನೋಡ್ತಾರೆ" ಅಂದರು. ಸೆರಗು ಮಾತ್ರ ಆಗಲೇ ಮುಂದೆ ಬಂದಿತ್ತು. ಅದಾದ ಮೇಲೆ ಯಾರು ಮುತ್ತೈದೆ, ಯಾರು ಅಲ್ಲ ಅಂತ ನಾನು ಲೆಕ್ಕ ಹಾಕಲು ಹೋಗಿಲ್ಲ.

ನಮ್ಮ ಮನೆಗೆಲಸಕ್ಕೆ ಬರುವವರಿಗೆ ಹೋದ ವರ್ಷ ನಾನೂ ಅದೇ ಸೆಟ್ ಕೊಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಈ ಸಲ ಹಬ್ಬದ ಮಾತು ಬಂದಾಗ ಅವರೇ ನಗುತ್ತಾ ಹೇಳಿದರು, "ಅಕ್ಕ, ಆ ಡಬ್ಬಿ ಬೇಡ. ಬೇಳೆ ಹಾಕೋದಾದ್ರೆ ಒಂದ್ ಸಾರಿಗಾಗೋಷ್ಟು ಹಾಕಿ." ನಾಲ್ಕು ಮನೆಯಿಂದ ನಾಲ್ಕು ಡಬ್ಬಿ ಬಂದಿತ್ತಂತೆ.

ಐದು ಬಾಗಿನ ಕೊಡುತ್ತಿದ್ದವಳು ಈ ಸಲ ಎರಡಕ್ಕೆ ಇಳಿಸಿದೆ. ಖರ್ಚು ಹೆಚ್ಚುಕಮ್ಮಿ ಅಷ್ಟೇ ಆಯಿತು. ಬಿದಿರಿನ ಮೊರ, ಬೇಳೆಗಳು ಅರ್ಧರ್ಧ ಕೆಜಿ, ನಾನು ಹೊಲಿಸಿಕೊಳ್ಳುವ ಕಾಟನ್ನೇ ಬ್ಲೌಸ್ ಪೀಸ್. ಒಂದು ಮನೆಗೆಲಸದವರಿಗೆ, ಒಂದು ಅಮ್ಮನಿಗೆ. ಉಳಿದವರಿಗೆಲ್ಲ ತಾಂಬೂಲ. ಒಬ್ಬಿಬ್ಬರ ಮುಖ ಸಣ್ಣದಾಯಿತು. ಆಗಲಿ.

ಹೋದ ವರ್ಷದ ಪಾಲಿಯೆಸ್ಟರ್‌ಗಳು ಇನ್ನೂ ಬೀರುವಿನಲ್ಲಿವೆ. ಇನ್ನೊಬ್ಬರಿಗೆ ದಾಟಿಸಲ್ಲ ಅಂತ ತೀರ್ಮಾನ ಮಾಡಿ, ತರಕಾರಿ ಚೀಲವಾದರೂ ಆಗಲಿ ಅಂತ ನಮ್ಮ ಟೈಲರ್ ಹತ್ತಿರ ತೆಗೆದುಕೊಂಡು ಹೋದೆ. ಅವಳು ಟೇಪ್ ಹಿಡಿದಳು. ಎಪ್ಪತ್ತು ಸೆಂಟಿಮೀಟರ್ ಕೂಡ ಇಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದಳು. "ಬೇಡ ಅಕ್ಕ, ಎರಡು ಕೆಜಿ ಟೊಮ್ಯಾಟೊ ಹಾಕಿದ್ರೆ ಮನೆ ಸೇರೋ ಮುಂಚೆ ಹರಿಯುತ್ತೆ" ಅಂದಳು.